ಹಿಂದಿನ ಗಾಲಿಯ ಸಪ್ಪಳ

“ಇನ್ನೂ ಸಾವಕಾಶ ಚಾಚಾ. ಹೆಣದ ಹಿಂದ ನಡದಂಗ ನಡಸು,” ಅಂದೆ.

ಅಂದ ಮ್ಯಾಲೆ ನಾಲಿಗಿ ಕಚ್ಚಿಕೊಂಡೆ. ಗೇಟಿನ ಹೊರಗ ಸಿಮೆಂಟ್ ಪೈಪಿನ ಮ್ಯಾಲೆ ಪ್ರೇಮವ್ವ ಕುಂತಿದ್ದಳು. ಆಕಿಗೆ ಕೇಳಿಸಿತೋ ಇಲ್ಲೋ ಗೊತ್ತಿಲ್ಲ. ಲಾರಿ ಬಿಟ್ಟು ಆಕಿ ಬ್ಯಾರೆ ಯಾವ ಕಡೆಗೂ ನೋಡತಿದ್ದಿಲ್ಲ.

ಶಮಶೇರಸಾಬ ಕ್ಲಚ್ ಬಿಟ್ಟ. ಲಾರಿ ಮುಂದ ಸರಿಯೂದಕ್ಕ ಮೊದಲ ಒಮ್ಮೆ ಮೈ ಝಾಡಿಸಿತು. ಆಮ್ಯಾಲೆ ಓಲಾಡಿಕೊಂತ ನಡೀತು. ನಾ ಅದರ ಮಗ್ಗಲಕ್ಕ, ಕಿವಿ ಗಾಲಿ ಕಡೆ ಕೊಟ್ಟು, ಸೀರಿ ನಿರಿಗಿ ಎತ್ತಿ ಹಿಡಕೊಂಡು ನಡದೆ. ರಾಣೆಬೆನ್ನೂರಿನ ಹಳೇ ಹತ್ತಿ ಮಿಲ್ಲಿನ ಅಂಗಳ ಅದು. ಪೊಲೀಸರು ಹಿಡದ ಗಾಡಿ ಎಲ್ಲಾ ಅಲ್ಲೇ ನಿಲ್ಲಸ್ತಾರ. ನಾವ ಮೂರು ಮಂದಿ ಬಿಟ್ರ ಅಲ್ಲಿ ಒಂದ ನಾಯಿನೂ ಇರಲಿಲ್ಲ.

ದಬ್. ಒಂದ ತೆರಪು. ಮತ್ತ ದಬ್.

ವಿಷಯ ಇಷ್ಟ: ಅಮಾಸಿ ಮರುದಿನ ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಹೊಂಟ ಡ್ರೈವರ್ ಗಿರಿಯಪ್ಪ ಎಲ್ಲೂ ಮುಟ್ಟಲಿಲ್ಲ, ಲಾರಿ ಮಾತ್ರ ಕುಮಾರಪಟ್ಟಣದ ಹತ್ರ ಹೊಳಿ ದಂಡಿಗೆ ಖಾಲಿ ನಿಂತಿತ್ತು.

ಲಾರಿನೂ ಲೋಡೂ ಎರಡೂ ಪ್ರಭುಲಿಂಗಪ್ಪಂದು. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿ, ದೊಡ್ಡ ಮನಷ್ಯಾ. “ಡ್ರೈವರ್ ಮಾಲು ಮಾರಿಕೊಂಡು ಓಡಿ ಹೋಗ್ಯಾನ” ಅಂತ ಕಂಪ್ಲೇಂಟ್ ಕೊಟ್ಟ, ಪೊಲೀಸರು ಹಂಗ ಬರಕೊಂಡ್ರು. ಅವಗ ಇನ್ಶೂರನ್ಸ್ ರೊಕ್ಕ ಬರಾಕ ಇನ್ನ ಉಳಿದದ್ದು ನನ್ನ ಸಹಿ ಒಂದ. ನಾನು ತಸ್ಲೀಮ್, ಇನ್ಶೂರನ್ಸ್ ಸರ್ವೇಯರ್. ಆಟೋಮೊಬೈಲ್ ಡಿಪ್ಲೊಮಾ ಮಾಡಿದಾಕಿ. ಈ ಭಾಗದಾಗ ಗಾಡಿ ಯಾಕ ಕೆಟ್ಟಿತು, ಯಾಕ ಬಿತ್ತು, ಖರೇನ ಬಿತ್ತೋ ಬೀಳಿಸಿದ್ರೋ ಅಂತ ಬರಿಯೂದು ನನ್ನ ಕೆಲಸ. ನನ್ನ ಬಾಯಿ ಚಲೋ ಇಲ್ಲ ಅಂತ ಊರಿಗೆಲ್ಲಾ ಗೊತ್ತೈತಿ, ಅದಕ್ಕ ನಾ ಏನ್ ಮಾಡ್ಲಿ.

ಮುಂಜಾನೆ ಬಂದಾಗ ಗಿರಿಯಪ್ಪನ ಹೆಂಡ್ತಿ ಪ್ರೇಮವ್ವ ನನ್ನ ಕೈ ಹಿಡದು ಒಂದ ಮಾತು ಅಂದಿದ್ದಳು. “ಕಳ್ಳ ಅಂತ ಬರದ್ರ ಯಾರೂ ಹುಡಕೂದಿಲ್ಲರಿ. ತಾನ ಸಿಗತಾನ ಬಿಡು ಅಂತಾರ. ಮನಷ್ಯಾ ಕಳದಾನ ಅಂತ ಬರದ್ರ ಹುಡಕತಾರ. ನೀವು ಹಂಗ ಬರೀರಿ.”

ಬರಿಯಾಕ ನನಗ ಒಂದ ಕಾರಣ ಬೇಕಿತ್ತು. ಹೆಂಡ್ತಿ ಅಳತಾಳ ಅನ್ನೂದು ರಿಪೋರ್ಟಿನಾಗ ಬರಂಗಿಲ್ಲ.

“ಪ್ರೊಪೆಲ್ಲರ್ ಶಾಫ್ಟಿನ ನಡುವಿನ ಬೇರಿಂಗ್ ಹೋಗೈತಿ,” ಅಂತ ಶಮಶೇರಸಾಬ ಕ್ಯಾಬಿನಿನಿಂದ ಕೂಗಿದ. “ಹಳೇ ರೋಗ. ಬರಕೊ ಬೇಟಿ, ಬಿಸಲು ಏರಾಕತ್ತೈತಿ.”

“ನಿನ್ನ ಎಡಗಿವಿ ಕೇಳೂದಿಲ್ಲ. ನೀ ಸುಮ್ಮನ ಸ್ಟೇರಿಂಗ್ ಹಿಡಿ,” ಅಂದೆ.

ಶಮಶೇರಸಾಬ ಈ ಊರಾಗಿನ ಹಳೇ ಮೆಕ್ಯಾನಿಕ್. ನಮ್ಮ ಮನಿಯವರ ದೋಸ್ತ ಇದ್ದ. ಅವರು ತೀರಿ ಹೋದ ಮ್ಯಾಲೂ ನನ್ನ ಕೈ ಬಿಡದ ಮನಷ್ಯಾ ಅಂದ್ರ ಇವನೊಬ್ಬ. ನನ್ನ ಸರ್ವೇ ಕೆಲಸಕ್ಕೆಲ್ಲಾ ಇವನ ಬರತಾನ, ಜಾಕ್ ಹಚ್ಚತಾನ, ನಟ್ಟು ಬಿಚ್ಚತಾನ. ಚಾ ಕುಡಕೊಂತ ಇಬ್ಬರೂ ಉರ್ದುದಾಗ ಮಾತಾಡತೇವಿ, ಜಗಳ ಮಾಡೂದು ಮಾತ್ರ ಕನ್ನಡದಾಗ. ಕನ್ನಡದಾಗ ಜಗಳ ಲಗೂ ಮುಗೀತೈತಿ.

ಟೈರಿನ ಮ್ಯಾಲೆ ಸೀಮಸುಣ್ಣದಲೆ ಒಂದ ಗೆರಿ ಎಳದೆ. ಮತ್ತ ನಡಸು ಅಂದೆ. ಗೆರಿ ಒಂದ ಸುತ್ತ ತಿರುಗಿ ಬರೂದರೊಳಗ ದಬ್ ಅನ್ನೂದು ಒಂದ ಸಲ. ಮತ್ತೊಂದ ಸುತ್ತು, ಮತ್ತೊಂದ ಸಲ.

“ಶಾಫ್ಟಿಂದ ಆಗಿದ್ರ ಗಾಲಿ ಒಂದ ಸುತ್ತ ತಿರಗೂದರಾಗ ನಾಕೈದು ಸಲ ಬಡೀಬೇಕಿತ್ತು,” ಅಂದೆ. ಎಂಜಿನಿನ ತಿರುಗೂದು ಗಾಲಿಗೆ ಮುಟ್ಟಸೂ ಆ ಶಾಫ್ಟು ಗಾಲಿಗಿಂತ ಅಷ್ಟ ಜೋರ ತಿರಗತೈತಿ. “ಇದು ಗಾಲಿ ರೋಗ. ಎಂಜಿನ್ ಬಂದ್ ಮಾಡು, ಇಳಿಜಾರಿಗೆ ಬಿಡು.”

ಎಂಜಿನ್ ಸುಮ್ಮನಾತು. ಮಿಲ್ಲಿನ ಬಾಗಲದಿಂದ ಗೇಟಿನ ತನಕ ನೆಲ ಇಳಿಜಾರ ಐತಿ. ಲಾರಿ ತಾನ ಉರುಳಿತು, ಓಲಾಡೂದೂ ನಿಲ್ಲಲಿಲ್ಲ, ದಬ್ ಅನ್ನೂದೂ ನಿಲ್ಲಲಿಲ್ಲ. ಗೇರು, ಎಂಜಿನ್, ಕ್ಲಚ್ ಎಲ್ಲಾ ಪಾರಾದವು.

ಒಬ್ಬಾಕಿ ಇರೂ ಮನಿಯಾಗ ಕಿವಿ ಭಾಳ ಚುರುಕಾಗತೈತಿ. ಯಾವ ನಳ ಸೋರತೈತಿ, ಫ್ರಿಜ್ ಯಾವಾಗ ಸುಮ್ಮನಾಗತೈತಿ, ಓಣ್ಯಾಗ ಯಾರ ಚಪ್ಪಲಿ ಯಾವ್ದು, ಎಲ್ಲಾ ನನಗ ಗೊತ್ತು. ಕೇಳೂದು ಬಿಟ್ರ ಸಂಜೀಕ ಬ್ಯಾರೆ ಕೆಲಸಾನೂ ಇರೂದಿಲ್ಲ. ಅದಕ್ಕ ಲಾರಿ ಸಪ್ಪಳ ಅಂದ್ರ ನನಗ ಒಂಥರಾ ಜೊತಿ ಇದ್ದಂಗ.

“ಈಗ ಜೋರ ಓಡಸು. ಅಂಗಳದ ಉದ್ದಕ್ಕೂ.”

“ಯಾಕ ಸುಮ್ಮನ?”

“ಓಡಸು ಅಂದೆ.”

ಲಾರಿ ಧೂಳೆಬ್ಬಿಸಿ ಓಡಿತು. ದಬ್ ಅನ್ನೂದು ಒಮ್ಮೆಲೇ ನಿಂತಿತು. ಗ್ವಾಡಿ ಹತ್ರ ಬ್ರೇಕ್ ಹಾಕಿದ, ಲಾರಿ ನಡಿಗಿಗೆ ಇಳೀತು, ಸಪ್ಪಳ ತಿರುಗಿ ಬಂತು.

ಬಕೀಟಿನಾಗ ನೀರ ಹಾಕಿ ಜೋರ ಗಿರಕಿ ತಿರುಗಿಸಿದ್ರ ನೀರ ಚೆಲ್ಲೂದಿಲ್ಲ. ಸಾವಕಾಶ ತಿರುಗಿಸಿದ್ರ ತಲಿ ಮ್ಯಾಲೆ ಬೀಳತೈತಿ. ಗಾಲಿಯೊಳಗ ಬಿಡಿ ಸಾಮಾನು ಏನೋ ಐತಿ. ಜೋರ ಹೋದಾಗ ಟೈರಿನ ಒಳಗಿನ ಗ್ವಾಡಿಗೆ ಅಂಟಿಕೊಂಡ ಕುಂದರತೈತಿ, ಸಾವಕಾಶ ಹೋದಾಗ ಮ್ಯಾಲೆ ಏರಿ ಕೆಳಗ ಬೀಳತೈತಿ. ಟ್ಯೂಬ್ ಇಲ್ಲದ ಟೈರು, ಒಳಗ ಬರೇ ಗಾಳಿ. ಹೊರಗಿಂದ ಹೊಕ್ಕಿರಾಕ ಸಾಧ್ಯಿಲ್ಲ. ಟೈರ್ ಬಿಚ್ಚಿದಾವರ ಬಿಟ್ಟಿರಬೇಕು.

ಆದ್ರ ಅಷ್ಟಕ್ಕ ಲಾರಿ ಹಿಂಗ ಓಲಾಡೂದಿಲ್ಲ. ಸಪ್ಪಳ ಒಂದ, ನಡುಗೂದು ಇನ್ನೊಂದ. ಎರಡಕ್ಕೂ ಬ್ಯಾರೆ ಕಾರಣ ಇರಬೇಕು ಅಂತ ಮಂಡಿ ಊರಿ ಕುಂತು ಒಂದೊಂದ ಗಾಲಿ ನೋಡಿಕೊಂತ ಹೋದೆ. ಎಡಗಡೆ ಹಿಂದಿನ ಜೋಡಿ ಗಾಲಿಯೊಳಗ ಹೊರಗಿನದು. ಅದರ ನಟ್ಟಿಗೆ ಬೆರಳ ಹಚ್ಚಿ ತಿರುವಿದೆ. ತಿರುಗಿತು, ಬರೀ ಕೈಲೆ.

ನಟ್ಟಿನ ಮ್ಯಾಲೆ ಕುಂಕುಮದ ಗೆರಿ ಇದ್ದವು. ಎಲ್ಲಾ ಗಾಲಿಗೂ ಇದ್ದವು. ಬ್ಯಾರೆ ಗಾಲಿಯಾಗ ಗೆರಿ ನಟ್ಟಿನಿಂದ ಹೊಂಟು ಉಕ್ಕಿನ ಮ್ಯಾಲೆ ನೆಟ್ಟಗ ಹಾದು ಹೋಗಿತ್ತು. ಈ ಗಾಲಿಯಾಗ ಮಾತ್ರ ನಟ್ಟಿನ ಗೆರಿ ಒಂದ ದಿಕ್ಕಿಗೆ, ಉಕ್ಕಿನ ಗೆರಿ ಇನ್ನೊಂದ ದಿಕ್ಕಿಗೆ.

“ಪ್ರೇಮವ್ವಾ, ಒಳಗ ಬರ್ರಿ,” ಅಂತ ಕೂಗಿದೆ.

ಆಕಿ ಓಡಿಕೊಂತ ಬಂದ್ಲು. ಏನೋ ಸಿಕ್ಕೈತಿ ಅನ್ನೂ ಆಸೆ ಮಾರಿ ಮ್ಯಾಲೆ ಕಾಣತಿತ್ತು, ನನಗ ನೋಡಾಕ ಆಗ್ಲಿಲ್ಲ.

“ಈ ಕುಂಕುಮ ಯಾರು ಹಚ್ಚಿದ್ದು?”

“ನಾನರಿ. ಪ್ರತಿ ಅಮಾಸಿಗೆ ಅವರು ಗಾಡಿಗೆ ಕಾಯಿ ಒಡೀತಾರ, ನಾ ಗಾಲಿಗೆ ಹಚ್ಚತೇನಿ. ಎಣ್ಣಿಯೊಳಗ ಕುಂಕುಮ ಕಲಸಿ ನಟ್ಟಿನ ಮ್ಯಾಲಿಂದ ಗಾಲಿ ತನಕ ಒಂದ ಗೆರಿ ಎಳೀತೇನಿ. ಹಂಗ ಎಳಿ ಅಂತ ಅವರ ಹೇಳಿಕೊಟ್ಟಾರ. ನಟ್ಟು ಸರದ್ರ ಗೆರಿ ತಪ್ಪತೈತಿ, ದೇವರ ಕೆಲಸದಾಗ ಲಾರಿ ಕೆಲಸಾನೂ ಆಗತೈತಿ ಅಂತಾರ.”

ಅಷ್ಟ ಹೇಳಿ ಗಾಲಿ ನೋಡಿದ್ಲು. ಬೆರಳಲೆ ಮುರದ ಗೆರಿ ಮುಟ್ಟಿದ್ಲು.

“ಇದನ್ನ ಯಾರೋ ಬಿಚ್ಚ್ಯಾರರಿ,” ಅಂದ್ಲು. “ಅವರು ಬಿಚ್ಚಿದ್ರ ಬಿಗಿ ಮಾಡದ ಬಿಡತಿದ್ದಿಲ್ಲ. ಒಂದೊಂದ ನಟ್ಟಿನ ಮ್ಯಾಲೆ ನಿಂತು ತುಳೀತಾರ.”

ಪೊಲೀಸರು ಗಾಲಿ ಮುಟ್ಟಿಲ್ಲ, ನಾನ ಕೇಳಿದ್ದೆ. ಅಂದ್ರ ಅಮಾಸಿ ಆದ ಮ್ಯಾಲೆ, ಹೊಳಿ ದಂಡಿಗೆ ಹೋಗೂದಕ್ಕ ಮೊದಲ, ಈ ಗಾಲಿ ಯಾವುದೋ ಅಂಗಡ್ಯಾಗ ಇಳದೈತಿ. ಗಡಿಬಿಡಿಯಾಗ ಬಿಚ್ಚಿ, ಗಡಿಬಿಡಿಯಾಗ ಕೂಡಿಸ್ಯಾರ. ಆ ಅಂಗಡಿಯಾಂವ ಗಿರಿಯಪ್ಪನ್ನ ಕಡೀಕ ನೋಡಿದಾಂವ.

ಫೋನ್ ಬಂತು. ಕಂಪನಿ ಆಫೀಸರ್ ಶಶಿಕಾಂತ. “ಮೇಡಂ, ಐದರೊಳಗ ರಿಪೋರ್ಟ್ ಕಳಸ್ರಿ. ಪೊಲೀಸ್ರ ಬರದಾರ, ನೀವೂ ಅದನ್ನ ಬರೀರಿ, ಏನ್ ದೊಡ್ಡ ಮಾತು.”

“ನಾ ಟೈಪಿಸ್ಟ್ ಅಲ್ಲ ಸರ್,” ಅಂತ ಹೇಳಿ ಇಟ್ಟೆ. “ಚಾಚಾ, ಈ ಗಾಲಿ ಇಳಸು. ಟೈರ್ ಬಿಚ್ಚು.”

ಶಮಶೇರಸಾಬ ಕ್ಯಾಬಿನಿನಿಂದ ಇಳೀಲಿಲ್ಲ. “ನಾಳೆ ಮಾಡೂಣಲಾ. ಟೈರ್ ಬಿಚ್ಚೂ ಸಾಮಾನು ಪೂರಾ ತಂದಿಲ್ಲ.”

“ಇದ್ದದ್ದರಾಗ ಬಿಚ್ಚು.”

“ಬೇರಿಂಗ್ ಅಂತ ಹೇಳಿದೆ ಬೇಟಿ. ನನ್ನ ಮಾತಿಗೆ ಕಿಮ್ಮತ್ತ ಇಲ್ಲೇನು?”

ಇಷ್ಟ ವರ್ಷದಾಗ ಅವ ಹಿಂಗ ಮಾತಾಡಿದ್ದು ನಾ ಕಂಡಿಲ್ಲ. ವಯಸ್ಸಾತು, ಬಿಸಲಿಗೆ ದಣದಾನ ಅಂತ ತಿಳಕೊಂಡೆ. ನಾನ ಜಾಕ್ ಎಳಕೊಂಡ ಬಂದೆ. ಅದನ್ನ ನೋಡಿ ಇಳದು ಬಂದ.

ಗಾಲಿ ಇಳೀತು. ಗಾಳಿ ತಗದು, ಟೈರಿನ ಅಂಚು ಎಬ್ಬಸಾಕ ಕುಂತ. ಒಂದ ಕಡೆ ಲಿವರ್ ಹಾಕಿದ, ಇನ್ನೊಂದ ಕಡೆ ಹಳೇ ಸ್ಪ್ರಿಂಗ್ ಪಟ್ಟಿ. ಲಿವರ್ ಜೋಡಿ ಇರಬೇಕು, ಅದರಾಗ ಒಂದ ಇರಲಿಲ್ಲ. ಪಟ್ಟಿ ಜಾರಿ ಜಾರಿ ಬೀಳತಿತ್ತು. “ಇನ್ನೊಂದ ಎಲ್ಲಿ ಒಗದೀದಿ, ಮುದುಕಾ,” ಅಂತ ಬೈದೆ. ಅವ ಪಟ್ಟಿ ಮತ್ತ ಅಂಚಿಗೆ ತುರುಕಿದ.

ಅಂಚು ಎದ್ದಿತು. ಅವ ಮೊಣಕೈ ತನಕ ಕೈ ಒಳಗ ಹಾಕಿದ. ಸುತ್ತ ಆಡಿಸಿದ. ಒಂದ ಕಡೆ ಕೈ ನಿಂತಿತು, ಹೊರಗ ಬರವಲ್ದು.

“ಏನೈತಿ?”

“ಏನೂ ಇಲ್ಲ.”

“ಸರಿ ಆ ಕಡೆ.”

“ಬೇಟಿ, ಕೈ ಹೊಲಸ ಆಗತೈತಿ...”

“ಆ ಕಡೆ ಸರಿ ಅಂದೆ.”

ಅವನ ಕೈ ತಗಿಸಿ ನಾ ಹಾಕಿದೆ. ತಣ್ಣನ್ನ ಕಬ್ಬಿಣ ಬೆರಳಿಗೆ ಹತ್ತಿತು. ಎಳದೆ. ಟೈರ್ ಬಿಚ್ಚೂ ಲಿವರ್, ಮೊಳದಷ್ಟು ಉದ್ದ. ಹಿಡಿಕಿಗೆ ಸೈಕಲ್ ಟ್ಯೂಬ್ ಸುತ್ತಿ ಮ್ಯಾಲೆ ತಾಮ್ರದ ತಂತಿ ಬಿಗದಿದ್ರು.

ಬಿಗದಿದ್ರು ಅಂತ ಯಾಕ ಅನ್ನಲಿ. ಬಿಗದಾಂವ ನನ್ನ ಮುಂದ ಕುಂತಿದ್ದ. ಒಂದ ಸಲ ರೇಡಿಯೇಟರ್ ಬಿಸಿ ನೀರ ಬಿದ್ದು ಶಮಶೇರಸಾಬನ ಬಲ ಅಂಗೈ ಸುಟ್ಟಿತ್ತು, ಆವತ್ತಿನಿಂದ ಬರೀ ಕಬ್ಬಿಣ ಹಿಡಿಯಾಕ ಬರೂದಿಲ್ಲ. ಅವನ ಚೀಲದಾಗಿನ ಎಲ್ಲಾ ಸಾಮಾನಿಗೂ ಹಿಂಗ ಟ್ಯೂಬು, ಹಿಂಗ ತಂತಿ. ಊರಾಗ ಬ್ಯಾರೆ ಯಾರೂ ಹಿಂಗ ಸುತ್ತೂದಿಲ್ಲ.

ಸಿಟ್ಟು ಆಮ್ಯಾಲೆ ಬಂತು. ಮೊದಲ ಆ ತಂತಿ ಮ್ಯಾಲೆ ಬೆರಳ ಆಡಿಸಿ ಇನ್ನೊಮ್ಮೆ ನೋಡಿದೆ.

“ಪ್ರೇಮವ್ವಾ,” ಅಂದೆ, ದನಿ ಸರಿ ಇಟ್ಟುಕೊಂಡು. “ಎದರಿಗಿನ ಹೋಟೆಲಿನಾಗ ಮೂರ ಚಾ ಹೇಳಿ ಬರ್ರಿ.”

ಆಕಿ ಲಿವರ್ ನೋಡಿದ್ಲು, ನನ್ನ ಮಾರಿ ನೋಡಿದ್ಲು, ಹೋದ್ಲು.

“ಮುಂಜಾನಿಂದ ನಾ ಈ ಲಾರಿ ಮಗ್ಗಲ ನಾಯಿ ನಡದಂಗ ನಡದೇನಿ,” ಅಂದೆ. “ನೀ ಮ್ಯಾಲೆ ಕುಂತು ಬೇರಿಂಗು, ಬೇರಿಂಗು ಅಂತ ಹಾಡಿದಿ. ನಿನಗ ಎಲ್ಲಾ ಗೊತ್ತಿತ್ತು.”

“ಲಿವರ್ ಇದರಾಗ ಉಳದೈತಿ ಅಂತ ಗೊತ್ತಿರಲಿಲ್ಲ. ಖುದಾ ಕಸಂ. ಇವತ್ತ ಸಪ್ಪಳ ಕೇಳಿದ ಮ್ಯಾಲೆ ಗೊತ್ತಾತು.”

“ಗಾಲಿ ನೀ ಬಿಚ್ಚಿದ್ದು ಗೊತ್ತಿತ್ತಲಾ?”

ಅವ ಲಿವರ್ ತಗೊಳ್ಳಾಕ ಕೈ ಚಾಚಿದ, ನಾ ಕೊಡಲಿಲ್ಲ.

“ಚಾಚಾ, ನನಗ ಈ ಊರಾಗ ಅಂತ ಇದ್ದಾಂವ ನೀ ಒಬ್ಬನ. ನೀನೂ ಸುಳ್ಳ ಹೇಳಿದ್ರ ನಾ ಯಾರ ಜೊತಿ ಕುಂತು ಚಾ ಕುಡೀಲಿ?”

ಹಿಂಗ ಅಂದ ಮ್ಯಾಲೆ ನನಗ ನಾಚಿಕಿ ಆತು. ಆದ್ರ ಅಂದದ್ದು ಖರೇ ಇತ್ತು, ಹೊಳ್ಳಿ ತಗೊಳಾಕ ಮನಸ ಬರಲಿಲ್ಲ. ಅವ ತಲಿ ಮ್ಯಾಲಿನ ಟೊಪ್ಪಿಗಿ ತಗದು ಮಾರಿ ಒರಸಿಕೊಂಡ, ಕುಂತಲ್ಲೆ ಹೇಳಾಕ ಹತ್ತಿದ.

“ಅವತ್ತ ಗಿರಿಯಪ್ಪ ಪಂಕ್ಚರ್ ಅಂತ ನನ್ನ ಅಂಗಡಿಗೆ ಬಂದ. ತುಂಬಿದ ಲಾರಿ. ಜಾಕ್ ಹಚ್ಚಿದೆ, ಎರಡು ಒತ್ತಿಗೆ ಲಾರಿ ಮ್ಯಾಲೆದ್ದು ಬಂತು. ತುಂಬಿದ ಲಾರಿ ಹಂಗ ಏಳೂದಿಲ್ಲ ಬೇಟಿ. ಮೆಣಸಿನಕಾಯಿ ಹಗರ ಅಂದ್ರೂ ಇಷ್ಟ ಹಗರಲ್ಲ. ಏನ್ ಹೇರೀದಿಯೋ ಅಂದೆ. ಇಬ್ಬರೂ ಹತ್ತಿ ತಾಡಪತ್ರಿ ಎತ್ತಿದ್ವಿ. ಮ್ಯಾಲಿನ ಸಾಲಿನಾಗ ಮೆಣಸಿನಕಾಯಿ. ಕೆಳಗಿನ ಚೀಲದಾಗೆಲ್ಲಾ ಬರೇ ತೊಟ್ಟು. ಹೆಣ್ಮಕ್ಕಳು ಬಿಡಿಸಿ ಒಗೀತಾರಲಾ, ಆ ಕಸ.”

“ಪ್ರಭುಲಿಂಗಪ್ಪನ ಕಸ. ಅದಕ್ಕ ಮೆಣಸಿನಕಾಯಿ ರೇಟಿನ ಇನ್ಶೂರನ್ಸ್.”

“ಗಿರಿಯಪ್ಪ ಅಲ್ಲೇ ನಿಂತು ಮಾಲಕಗ ಫೋನ್ ಹಚ್ಚಿದ. ಇದೇನ್ರಿ ಹಿಂಗೈತಿ ಅಂತ ಕೇಳಿದ. ಆ ಕಡಿಂದ ಏನಂದ್ರೋ, ಮಾರಿ ಸುಣ್ಣ ಆತು. ಲಾರಿ ಹೊಳಿ ರಸ್ತೆಗೆ ತಂದು ನಿಲ್ಲಸು, ಜನಾ ಕಳಸ್ತೇನಿ, ಅವರು ಹೇಳಿದಂಗ ಕೇಳು ಅಂದ್ರಂತ. ಹೋದ್ರ ನನ್ನ ಜೀಂವಾ ಉಳಿಯೂದಿಲ್ಲ ಸಾಬರ ಅಂದ. ಲಗೂ ಮಾಡ್ರಿ, ಲಗೂ ಮಾಡ್ರಿ ಅಂತಿದ್ದ. ಗಾಲಿ ಹೆಂಗ ಕೂಡಿಸಿದೆನೋ ನನಗ ಗೊತ್ತಿಲ್ಲ.”

“ಹೊಳಿ ದಂಡಿಗೆ ಲಾರಿ ಒಯ್ದಾಂವ?”

“ನಾನ. ಅವನ್ನ ಮೊದಲ ಬ್ಯಾಡಗಿಗೆ ಕಳಿಸಿದೆ. ನಮ್ಮ ತಂಗಿ ಶರೀಫಾಬಿ ಮನಿ ಹಿಂದ ಒಂದ ಖೋಲಿ ಐತಿ. ಪ್ರಭುಲಿಂಗಪ್ಪನ ಊರಾಗ ಅವನ್ನ ಯಾರೂ ಹುಡಕೂದಿಲ್ಲ ಅಂತ ತಿಳಕೊಂಡೆ. ಲಾರಿ ಹೊಳಿ ಹತ್ರ ನಿಲ್ಲಿಸಿ ಬಂದ್ರ ನೀರಿಗೆ ಬಿದ್ದ ಸತ್ತಾನ ಅಂತಾರ, ಬೆನ್ನ ಬಿಡ್ತಾರ ಅಂತ ಲೆಕ್ಕ ಹಾಕಿದೆ. ನಾ ನಿಲ್ಲಿಸಿದಾಗ ಚೀಲ ಎಲ್ಲಾ ಇದ್ದವು. ಪೊಲೀಸರು ಬರೂದರೊಳಗ ಯಾರೋ ಖಾಲಿ ಮಾಡ್ಯಾರ.”

ನಾ ಲಿವರ್ ನೆಲದ ಮ್ಯಾಲೆ ಇಟ್ಟೆ.

“ಅಂದ್ರ ಗಿರಿಯಪ್ಪ ಬದುಕ್ಯಾನ.”

“ಹೂಂ.”

“ಹೆಂಡ್ತಿ ಒಂದ ವಾರದ ಮ್ಯಾಲಾತು ಗೇಟಿನ ಹತ್ರ ಉಪಾಸ ಕುಂತಾಳ. ಆಕಿಗೆ ಒಂದ ಮಾತು ಹೇಳಾಕ ನಿನ್ನ ಬಾಯಿಗೆ ಏನಾಗಿತ್ತು?”

“ಅವನ ಬ್ಯಾಡ ಅಂದ. ಆಕಿಗೆ ಸುಳ್ಳ ಹೇಳಾಕ ಬರೂದಿಲ್ಲ, ಮಾರಿ ಮ್ಯಾಲೆ ಖುಷಿ ಕಂಡ್ರ ಅವರಿಗೆ ಗೊತ್ತಾಗತೈತಿ ಅಂದ. ಆಕಿ ಅಳೂದು ನಾ ದಿನಾ ನೋಡೇನಿ ಬೇಟಿ. ರಾತ್ರಿ ನನಗೂ ನಿದ್ದಿ ಇಲ್ಲ.”

“ನಿನ್ನ ನಿದ್ದಿ ಮನಿ ಹಾಳಾಗ್ಲಿ. ಏಳು, ಹೊರಗಿನ ನಿನ್ನ ಗಾಡಿ ತಗಿ. ಪ್ರೇಮವ್ವನ್ನ ಕರಕೊಂಡು ಈಗಿಂದೀಗ ಬ್ಯಾಡಗಿಗೆ ಹೋಗೂಣು. ಅವನ ಬಾಯಿಂದ ಕೇಳಿ ಬರಕೊಂಡೆ ಅಂದ್ರ ಪ್ರಭುಲಿಂಗಪ್ಪನ ಕಥಿ ಮುಗೀತು.”

ಅವ ಏಳಲಿಲ್ಲ. ಟೊಪ್ಪಿಗಿ ಕೈಯಾಗ ಹಿಂಡಿಕೊಂತ ಕುಂತ.

“ಯಾಕ ಏಳವಲ್ಲಿ?”

“ಅವ ಅಲ್ಲಿಲ್ಲ ಬೇಟಿ.”

“ಅಂದ್ರ?”

“ಇವತ್ತ ಮುಂಜಾನೆ ಇಲ್ಲಿಗೆ ಬರೂದಕ್ಕ ಮೊದಲ ಬ್ಯಾಡಗಿಗೆ ಹೋಗಿದ್ದೆ, ರೊಟ್ಟಿ ಕೊಡಾಕ. ಶರೀಫಾಬಿ ನಸುಕಿನಾಗ ತೊಟ್ಟು ಬಿಡಸಾಕ ಹೋಗಿದ್ಲು. ಖೋಲಿ ಬಾಗಲಾ ತಗದಿತ್ತು. ಒಳಗ ಯಾರೂ ಇರಲಿಲ್ಲ. ಎಲ್ಲೋ ಹೊರಕಡೆ ಹೋಗಿರಬೇಕು ಅಂತ ಭಾಳ ಹೊತ್ತು ಕಾದೆ. ಬರಲಿಲ್ಲ. ಹಾಸಗಿ ಹಂಗ ಇತ್ತು. ಚಪ್ಪಲಿ ಬಾಗಲದಾಗ ಇದ್ವು.”

ನನ್ನ ಹಿಂದ ಗ್ಲಾಸು ಒಂದಕ್ಕೊಂದು ತಾಗಿದ ಸಪ್ಪಳಾತು.

ಪ್ರೇಮವ್ವ ಮೂರು ಚಾ ತಾನ ಹಿಡಕೊಂಡು ಬಂದಿದ್ದಳು. ಎಷ್ಟೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಗಂಡ ಬದುಕ್ಯಾನ ಅನ್ನೂದೂ ಅವ ಅಲ್ಲಿಲ್ಲ ಅನ್ನೂದೂ ಒಂದ ಉಸರಿನಾಗ ಆಕಿ ಕಿವಿಗೆ ಬಿದ್ದಿತ್ತು. ಎದ್ದು ಹೋಗಿ ಆಕಿ ಕೈಯಾಗಿನ ಗ್ಲಾಸು ತಗೊಂಡೆ. ಚಾ ಬೆರಳಿನ ಮ್ಯಾಲೆ ಚೆಲ್ಲಿದ್ರೂ ಆಕಿಗೆ ಖಬರ ಇರಲಿಲ್ಲ.

“ಯಾವ ಚಪ್ಪಲಿರಿ, ಸಾಬರ?” ಅಂತ ಕೇಳಿದ್ಲು.

ಶಮಶೇರಸಾಬ ಎದ್ದು ನಿಂತ. “ಕರೀವು ತಂಗಿ. ದಪ್ಪ ರಬ್ಬರಿನವು. ಒಳಗ ಮೆತ್ತಂದು ಹಾಕಿ ಹೊಲದಿದ್ರು.”

“ಎರಡೂ ಇದ್ದವಾ?”

“ಎರಡೂ.”

ಆಕಿ ಅಳಲಿಲ್ಲ. ಲಾರಿ ಮೈಗೆ ಕೈ ಊರಿ ನಿಂತು ನನ್ನ ನೋಡಿದ್ಲು.

“ಅವರಿಗೆ ಸಕ್ಕರಿ ಜಡ್ಡ ಐತಿ ಅಕ್ಕಾರ. ಪಾದದಾಗಿನ ಹುಣ್ಣು ಮಾಯವಲ್ದು. ಡಾಕ್ಟರು ಬರಿಗಾಲಲೆ ಒಂದ ಹೆಜ್ಜಿ ಇಡಬ್ಯಾಡ ಅಂದಾರ. ಮನಿಯಾಗ ಬಚ್ಚಲಕ್ಕ ಹೋಗೂದಿದ್ರೂ ಆ ಚಪ್ಪಲಿ ಬಿಟ್ಟು ಏಳೂದಿಲ್ಲ,” ಅಂದ್ಲು. “ಅವರು ನಡಕೊಂಡ ಹೋಗಿಲ್ಲರಿ. ಯಾರೋ ಹೊತ್ತುಕೊಂಡ ಹೋಗ್ಯಾರ.”